ಬೇಟೆಹಕ್ಕಿಯ ಸಮೀಪದಲ್ಲಿ

ಹಕ್ಕಿಯ ಚಿತ್ರ ತೆಗೆಯುವುದು ಹಣವುಳ್ಳವರ ವಿನೋದವೆಂದು ನಮ್ಮಲ್ಲಿ ಅನೇಕರ ಭಾವನೆ. ಕ್ಯಾಮರಾದ ಬೆಲೆ ಹೆಚ್ಚೆಂಬುದು ನಿಜ. ಆದರೆ ಈ ವಿದ್ಯೆಗೆ ಮೊದಲು ಬೇಕಾದದ್ದು ಬೇರೆಯೇ ಒಂದು ಗುಣವೆಂಬುದನ್ನು ನಾನು ತಪ್ಪು ಮಾಡಿ ಕಲಿತೆ. ಆ ತಪ್ಪನ್ನೂ, ಅದರಿಂದ ತಿಳಿದುಕೊಂಡದ್ದನ್ನೂ ಸಹಪಾಠಿಗಳ ಮುಂದೆ ಇಡುವುದು ಈ ಲೇಖನದ ಉದ್ದೇಶ.

ನಮ್ಮದು ಮಂಚೇನಹಳ್ಳಿಯ ಸಮೀಪದ ಹಳ್ಳಿ. ರಾಗಿ, ಮುಸುಕಿನ ಜೋಳದ ಹೊಲಗಳು, ನಡುನಡುವೆ ಜಾಲಿಮರಗಳು. ಇಂಥ ಬಯಲೆಂದರೆ ರಾಮದಾಸ ಹದ್ದಿಗೆ ಬಹು ಪ್ರೀತಿ. ಕಾಗೆಗಿಂತ ಚಿಕ್ಕದಾದ ಈ ಹಕ್ಕಿಯ ಮೈ ಬೂದುಬಿಳುಪು, ಹೆಗಲು ಕಪ್ಪು, ಕಣ್ಣು ಕೆಂಪು. ಆಕಾಶದಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಂತು, ಕೆಳಗೆ ಇಲಿಯನ್ನೋ ಮಿಡತೆಯನ್ನೋ ಕಂಡೊಡನೆ ಇಳಿಯುತ್ತದೆ. ಪೈರಿಗೆ ಶತ್ರುವಾದ ಇಲಿಯನ್ನು ತಿನ್ನುವುದರಿಂದ ರೈತನಿಗೆ ಇದು ಉಪಕಾರಿ.

ಮಿತ್ರರೊಬ್ಬರ ಕ್ಯಾಮರಾವನ್ನೂ 400 ಮಿ.ಮೀ. ಮಸೂರವನ್ನೂ ಎರವಲು ತಂದ ದಿನ, ನಾನು ನೇರವಾಗಿ ಈ ಹದ್ದಿನ ಗೂಡಿದ್ದ ಜಾಲಿಮರದ ಕೆಳಗೆ ಹೋಗಿ ನಿಂತೆ. ಕಾವು ಕೂತಿದ್ದ ಹಕ್ಕಿ ಎದ್ದು, ಮೇಲೆ ಸುತ್ತುತ್ತ ಕೂಗತೊಡಗಿತು. ಇಳಿದೇ ಇಳಿಯುತ್ತದೆಂದು ನಾನು ಬಹಳ ಹೊತ್ತು ಕಾದೆ. ದನ ಹೊಡೆದುಕೊಂಡು ಬಂದ ನಮ್ಮ ತಂದೆ, “ನೀನು ಅಲ್ಲಿರೋವರ್ಗೂ ಅದು ಬರಲ್ಲ ಕಣೋ. ಮೊದ್ಲು ಈ ಕಡೆ ಬಾ” ಎಂದರು. ನಾನು ಹೊರಡುವಷ್ಟರಲ್ಲಿ ಕಾಗೆಯೊಂದು ಗೂಡಿಗೆ ಇಳಿದು, ಕೊಕ್ಕಿನಲ್ಲಿ ಮೊಟ್ಟೆ ಕಚ್ಚಿಕೊಂಡು ಹಾರಿತು. ಆ ದಿನ ನನಗೆ ಒಂದು ಚಿತ್ರವೂ ಸಿಕ್ಕಲಿಲ್ಲ.

ಸಮೀಪಕ್ಕೆ ಹೋಗುವ ಆಸೆ ಏಕೆ ಹುಟ್ಟುತ್ತದೆ? ಇದಕ್ಕೆ ಸರಳವಾದ ಗಣಿತವಿದೆ. 400 ಮಿ.ಮೀ. ಮಸೂರದಿಂದ 40 ಮೀಟರ್ ದೂರದ ವಸ್ತುವನ್ನು ನೋಡಿದರೆ ಬಿಂಬವು ವಸ್ತುವಿನ ನೂರನೆಯ ಒಂದು ಪಾಲು. ಅಂದರೆ 30 ಸೆಂ.ಮೀ. ಹಕ್ಕಿಯ ಬಿಂಬ ಕೇವಲ 3 ಮಿ.ಮೀ.; ಚೌಕಟ್ಟಿನ ಎತ್ತರವೋ 24 ಮಿ.ಮೀ. ದೂರವನ್ನು 20 ಮೀಟರಿಗೆ ಇಳಿಸಿದರೆ ಬಿಂಬ 6 ಮಿ.ಮೀ. ಆಗುತ್ತದೆ. ಆದರೆ ಬೇಟೆಹಕ್ಕಿಯ ಕಣ್ಣು ನಮ್ಮ ಕಣ್ಣಿಗಿಂತ ಬಹಳ ಚುರುಕು. ನಾವು ಅದನ್ನು ಕಾಣುವ ಮೊದಲೇ ಅದು ನಮ್ಮನ್ನು ಕಂಡಿರುತ್ತದೆ. ಆದ್ದರಿಂದ ಅಡಗಿ ಹೋಗುವುದಕ್ಕಿಂತ ಅದರ ಭಯ ಕಳೆಯುವುದೇ ಉಪಾಯ.

ಆ ಉಪಾಯವನ್ನು ನನಗೆ ಕಲಿಸಿದವರು ಶಾಲೆಯ ಮೆಟ್ಟಿಲು ಹತ್ತದ ನಮ್ಮ ತಂದೆ. ಮೇಯುವ ದನಗಳಿಗೆ ಹದ್ದು ಹೆದರುವುದಿಲ್ಲ. ದನಗಳ ಜೊತೆಯಲ್ಲೇ, ಹಕ್ಕಿಯ ಕಡೆಗೆ ನೆಟ್ಟ ನೋಟದಿಂದ ನೋಡದೆ, ಓರೆಯಾಗಿ ನಡೆಯಬೇಕು. ಅದು ಕತ್ತು ನಿಮಿರಿಸಿದರೆ ನಿಂತು ಕುಳಿತುಬಿಡಬೇಕು. ನಿಂತ ಮೋಟಾರು ಕಾರಿನ ಒಳಗಿನಿಂದ ಚಿತ್ರ ತೆಗೆಯುವವರೂ ಇದೇ ತತ್ವವನ್ನು ಬಳಸುತ್ತಾರೆ. ಸೂರ್ಯ ಬೆನ್ನಿಗಿರಬೇಕು, ಬೆಳಗಿನ ಎಳೆಬಿಸಿಲು ಉತ್ತಮ. ಕುಳಿತ ಹಕ್ಕಿಗೆ ಸೆಕೆಂಡಿನ 1/500 ಭಾಗದ ವೇಗ ಸಾಕು; ರೆಕ್ಕೆ ಬಡಿಯುವಾಗ 1/2000 ಬೇಕು.

ಹಿಂದೆ ಮರೆಗೂಡಾರ ಕಟ್ಟಿ ಗೂಡಿನ ಬಳಿ ಚಿತ್ರ ತೆಗೆಯುವುದು ವಾಡಿಕೆಯಾಗಿತ್ತು. ಇಂದು ಅನೇಕ ಸ್ಪರ್ಧೆಗಳು ಗೂಡಿನ ಚಿತ್ರವನ್ನು ಸ್ವೀಕರಿಸುವುದೇ ಇಲ್ಲ. ಕಾರಣವನ್ನು ರಾಮನಗರದಲ್ಲಿ ನೋಡಬಹುದು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧಿಯಿಂದ ನಮ್ಮ ದೇಶದ ರಣಹದ್ದುಗಳು ಬಹುಪಾಲು ನಾಶವಾದವು. ಪಶುಚಿಕಿತ್ಸೆಯಲ್ಲಿ ಅದನ್ನು 2006ರಲ್ಲಿ ನಿಷೇಧಿಸಲಾಯಿತು. ಅಳಿದುಳಿದವುಗಳಿಗಾಗಿ 2012ರಲ್ಲಿ ರಾಮದೇವರ ಬೆಟ್ಟವು ರಣಹದ್ದುಗಳ ಅಭಯಧಾಮವಾಯಿತು. ಅಲ್ಲಿ ಬಂಡೆಯ ಮೇಲೆ ಗೂಡು ಮಾಡುವ ಉದ್ದಕೊಕ್ಕಿನ ರಣಹದ್ದು ಒಂದು ಸಲಕ್ಕೆ ಇಡುವುದು ಒಂದೇ ಮೊಟ್ಟೆ. ಅದು ಕೆಟ್ಟರೆ ಆ ಜೋಡಿಯ ಒಂದು ವರ್ಷವೇ ವ್ಯರ್ಥ.

ಕೊನೆಗೆ ಒಂದು ಬೆಳಿಗ್ಗೆ, ನಮ್ಮ ಹಸುಗಳ ಹಿಂದೆ ಕುಳಿತು, ಒಣಕೊಂಬೆಯ ಮೇಲೆ ಇಲಿ ಹಿಡಿದು ಕೂತ ಹದ್ದಿನ ಚಿತ್ರವೊಂದನ್ನು ತೆಗೆದೆ. ನಾನು ಎದ್ದು ಬರುವಾಗಲೂ ಅದು ತಿನ್ನುತ್ತಲೇ ಇತ್ತು. ತಂದೆಗೆ ಚಿತ್ರ ತೋರಿಸಿದೆ. “ಹಾರಿಹೋಗಲಿಲ್ವಲ್ಲ, ಅಷ್ಟು ಸಾಕು” ಎಂದರು. ಈ ವಿದ್ಯೆಗೆ ಇಳಿಯುವ ಮಿತ್ರರು ತಮ್ಮ ಚಿತ್ರಗಳನ್ನು ಈ ಅಳತೆಯಿಂದಲೇ ಅಳೆದುಕೊಳ್ಳಲೆಂದು ನನ್ನ ಪ್ರಾರ್ಥನೆ.