ನೋಡುವ ಮೊದಲು ನಕಲು ಮಾಡಿ

ಮಕ್ಕಳೇ, ಅಪ್ಪ-ಅಮ್ಮನ ಮದುವೆಯ ವಿಎಚ್‌ಎಸ್ ಕ್ಯಾಸೆಟ್ಟನ್ನು ಯಾವತ್ತೋ ಡಿವಿಡಿಗೆ ಇಳಿಸಿ ಬೀರುವಿಗೆ ಸೇರಿಸಿದ್ದಿರಿ. ಈಗ ಕಂಪ್ಯೂಟರಿನಲ್ಲಿ ನೋಡುವ ಉಮೇದು ಬಂದಿದೆ. ಸಂತೋಷ. ಆದರೆ ನೋಡುವ ಮೊದಲು ನಕಲು ಮಾಡಿಕೊಳ್ಳಿ. ಮನೆಯಲ್ಲಿ ಬರೆದ ಡಿಸ್ಕಿನಲ್ಲಿ ಚಿತ್ರ ನಿಂತಿರುವುದು ತೆಳುವಾದೊಂದು ಬಣ್ಣದ ಪದರದ ಮೇಲೆ. ಬಿಸಿಲು, ಶಾಖ ತಾಗಿದರೆ ಅದು ಕೆಡುತ್ತದೆ. ಇವತ್ತು ಓಡಿದ್ದು ಮುಂದಿನ ಯುಗಾದಿಗೂ ಓಡೀತೆಂದು ನಂಬಿ ಕೂರಬೇಡಿ.

ಡಿಸ್ಕ್ ಕೊಳೆಯಾಗಿದ್ದರೆ ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತಲೂ ಉಜ್ಜಬೇಡಿ. ಒಳಗಿರುವ ‘ವಿಡಿಯೊ ಟಿಎಸ್’ ಫೋಲ್ಡರನ್ನು ಇಡಿಯಾಗಿ ಹಾರ್ಡ್ ಡಿಸ್ಕಿಗೆ ಹಾಕಿಕೊಳ್ಳಿ. ದೊಡ್ಡ ವಿಒಬಿ ಫೈಲುಗಳನ್ನಷ್ಟೇ ಆರಿಸಿದರೆ ಸಾಲದು. ಯಾವುದರ ನಂತರ ಯಾವುದು ಎಂದು ಹೇಳುವುದು ಪಕ್ಕದ ಪುಟ್ಟ ಐಎಫ್‌ಒ ಫೈಲುಗಳು. ಡಿಸ್ಕ್ ಖಾಲಿ ಎಂದು ತೋರಿಸಿದರೂ ಎಸೆಯಬೇಡಿ. ಬರೆದವರು ಕೊನೆಯಲ್ಲಿ ‘ಫೈನಲೈಸ್’ ಮಾಡಲು ಮರೆತಿರಬಹುದು. ಡಿಸ್ಕ್ ಬರೆದ ರೆಕಾರ್ಡರ್ ಉಳಿದಿದ್ದರೆ ಅದರಲ್ಲೇ ಆ ಕೆಲಸ ಮುಗಿಸಿ.

ವಿಂಡೋಸ್ 8ರಿಂದೀಚೆಗೆ ಡಿವಿಡಿ ಓಡಿಸುವ ಸೌಲಭ್ಯ ಜೊತೆಗೇ ಬರುವುದಿಲ್ಲ. ವಿಎಲ್‌ಸಿ ಹಾಕಿಕೊಳ್ಳಿ, ದುಡ್ಡು ಕೊಡಬೇಕಿಲ್ಲ. ಧಾರೆ ಎರೆಯುವಾಗ ಕೈ ಆಡಿದಾಗಲೆಲ್ಲ ಸೀರೆಯ ಅಂಚು ಬಾಚಣಿಗೆಯ ಹಲ್ಲಿನಂತೆ ಸೀಳಿ ಕಾಣುತ್ತದೆಯೇ? ಡಿಸ್ಕ್ ಕೆಟ್ಟಿಲ್ಲ. ನಮ್ಮ ಟಿವಿಯ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರ. ಒಂದೊಂದರಲ್ಲೂ ಬೆಸ ಗೆರೆಗಳದೊಂದು ಅರ್ಧ, ಸಮ ಗೆರೆಗಳದೊಂದು ಅರ್ಧ. ಹಳೇ ಟಿವಿ ಅವನ್ನು ಒಂದಾದ ಮೇಲೊಂದು ತೋರಿಸುತ್ತಿತ್ತು, ಕಂಪ್ಯೂಟರ್ ಎರಡನ್ನೂ ಒಟ್ಟಿಗೇ ತೋರಿಸುತ್ತದೆ. ‘ಡಿಇಂಟರ್‌ಲೇಸ್’ ಆನ್ ಮಾಡಿದರೆ ಸರಿಹೋಗುತ್ತದೆ. ತೆರೆ ತುಂಬಲೆಂದು ಚಿತ್ರವನ್ನು ಅಗಲಕ್ಕೆ ಎಳೆದು ಅಜ್ಜಿಯನ್ನು ದಪ್ಪ ಮಾಡಬೇಡಿ; ಅಳತೆ 4:3 ಇರಲಿ.

ಕ್ಯಾಸೆಟ್ಟನ್ನು ಗುಜರಿಗೆ ಹಾಕುವ ಅವಸರವೂ ಬೇಡ. ಜಪಾನಿನ ಫುನಾಯ್ ಕಂಪನಿ 2016ರಲ್ಲಿ ಕ್ಯಾಸೆಟ್ ಓಡಿಸುವ ವಿಸಿಆರ್ ತಯಾರಿಕೆ ನಿಲ್ಲಿಸಿತು, ನಿಜ. ಆದರೆ ಡಿವಿಡಿಗೆ ಇಳಿಸುವಾಗ ಚಿತ್ರವನ್ನು ಹಿಂಡಿ ಚಿಕ್ಕದು ಮಾಡಿರುತ್ತಾರೆ. ಮೂಲ ಇರುವುದು ಟೇಪಿನಲ್ಲೇ.

ನಕಲು ಎರಡು ಕಡೆ ಇಟ್ಟ ಮೇಲೆ ಮನೆಯ ಹಿರಿಯರನ್ನು ಕೂರಿಸಿಕೊಂಡು ನೋಡಿ. ಅಕ್ಷತೆ ಹಾಕುವವರ ಸಾಲು ಬಂದಾಗ ನಿಲ್ಲಿಸಿ, ಯಾರು ಯಾರೆಂದು ಕೇಳಿ, ಎಷ್ಟನೇ ನಿಮಿಷವೆಂಬುದರ ಸಮೇತ ಬರೆದು ಅದೇ ಫೋಲ್ಡರಿನಲ್ಲಿಡಿ. ಡಿಸ್ಕನ್ನು ಓದಲು ಎಲ್ಲಾದರೂ ಒಂದು ಯಂತ್ರ ಸಿಕ್ಕೀತು. ಆ ಮುಖಗಳಿಗೆ ಹೆಸರು, ನೆಂಟಸ್ತಿಕೆ ಹೇಳಬಲ್ಲವರು ಒಬ್ಬಿಬ್ಬರೇ ಇರುತ್ತಾರೆ. ಮುಂದಿನ ಹಬ್ಬಕ್ಕೆಂದು ತಳ್ಳದೆ ಬರುವ ಭಾನುವಾರವೇ ಕೆಲಸ ಹಿಡಿಯಿರಿ.