ಹೂಮರಗಳ ಆಯ್ಕೆ ಮತ್ತು ಪೋಷಣೆ

ಮಹಾಕಾವ್ಯಕ್ಕೆ ಲಾಕ್ಷಣಿಕರು ವಿಧಿಸಿದ ಅಷ್ಟಾದಶ ವರ್ಣನೆಗಳಲ್ಲಿ ಉದ್ಯಾನವೂ ಒಂದು. ತರುಣಿಯ ಪಾದಾಘಾತದಿಂದ ಅಶೋಕವೂ, ಆಕೆಯ ಬಾಯಿಂದ ಸೂಸಿದ ಮದ್ಯದಿಂದ ಬಕುಳವೂ ಅರಳುವುವೆಂಬುದು ಕವಿಸಮಯ. ಇದಕ್ಕೆ ದೋಹದವೆಂದು ಹೆಸರು. ದೋಹದವೆಂದರೆ ಬಸುರಿಯ ಬಯಕೆ. ಹೂವಿಡುವ ಮುನ್ನ ಮರಕ್ಕೂ ಒಂದು ಬಯಕೆಯುಂಟು, ಅದು ಸಲ್ಲದೆ ಮರ ಅರಳದು ಎಂಬ ಈ ಕಲ್ಪನೆಯ ತಿರುಳನ್ನು ತೋಟಗಾರನೂ ಒಪ್ಪತಕ್ಕದ್ದೇ. ಆದರೆ ನೆಲದಲ್ಲಿ ಬೆಳೆಯುವ ಮರದ ಬಯಕೆಗಳು ಬೇರೆ: ತಕ್ಕ ಮಣ್ಣು, ತಕ್ಕ ಎಡೆ, ಎಳೆತನದಲ್ಲಿ ತಪ್ಪದ ನೀರು. ಹೂವಿನ ಚೆಲುವನ್ನಷ್ಟೇ ಕಂಡು ಸಸಿಯನ್ನು ಆರಿಸಿ ಇವನ್ನು ಮರೆತಲ್ಲಿ, ಧನವೂ ಶ್ರಮವೂ ವ್ಯರ್ಥವಾಗುವುವು.

ಆಯ್ಕೆಯ ಮೊದಲ ಮೆಟ್ಟಿಲು ಹೆಸರನ್ನು ಸರಿಯಾಗಿ ಅರಿಯುವುದು. ಶಾಲೆ, ಕಚೇರಿಗಳ ಮುಂದೆ ಕಂಬದಂತೆ ನೆಟ್ಟಗೆ ಬೆಳೆದು, ಅಲೆಯಂಚಿನ ಎಲೆಗಳನ್ನು ಇಳಿಬಿಟ್ಟು ನಿಂತಿರುವ ಮರವನ್ನು ಜನ ಅಶೋಕವೆಂದೇ ಕರೆಯುತ್ತಾರೆ. ಅದು ಕಾವ್ಯದ ಅಶೋಕವಲ್ಲ. ಸೀತಾಫಲದ ಬಳಗಕ್ಕೆ ಸೇರಿದುದು. ಅದರ ಹೂವು ನಸುಹಸಿರಾಗಿ ಎಲೆಗಳಲ್ಲಿಯೇ ಅಡಗಿರುತ್ತದೆ. ನಿಜವಾದ ಅಶೋಕವು ಕಕ್ಕೆ, ಮಂದಾರಗಳ ಬಳಗದ್ದು; ಕಿತ್ತಳೆ ಬಣ್ಣದಿಂದ ಕೆಂಪಿಗೆ ತಿರುಗುವ ಗೊಂಚಲುಗಳನ್ನು ಕೊಂಬೆಗಳ ಮೇಲೆಯೇ ಬಿಡುತ್ತದೆ. ಅದಕ್ಕೆ ತಂಪು, ತೇವ, ಅರೆನೆರಳು ಬೇಕು. ಹೆಸರನ್ನೇ ನಂಬಿ ಕೊಂಡವನು ಹೂವಿಗಾಗಿ ಎಷ್ಟು ವರ್ಷ ಕಾದರೂ ಫಲವಿಲ್ಲ.

ಎರಡನೆಯದು ಸ್ಥಳ. ಮೊಳದುದ್ದದ ಸಸಿಯನ್ನು ನೆಡುವಾಗ ಮುಂದೆ ಅದು ಹಬ್ಬುವ ಕೊಂಬೆ, ಬೇರುಗಳನ್ನು ಮನಸ್ಸಿನಲ್ಲಿ ಕಾಣಬೇಕು. ಮಡಗಾಸ್ಕರ್ ದ್ವೀಪದಿಂದ ಬಂದ ಗುಲ್‌ಮೊಹರ್, ಮಕ್ಕಳ ಮಾತಿನಲ್ಲಿ ಕತ್ತಿಕಾಯಿಯ ಮರ, ಕೊಡೆಯಂತೆ ಹರಡುತ್ತದೆ. ಅದರ ಬೇರು ನೆಲದ ಮೇಲ್ಪದರದಲ್ಲಿಯೇ ಹರಿಯುವುದರಿಂದ ಗೋಡೆ, ನೆಲಗಟ್ಟುಗಳ ಸಮೀಪ ಅದು ಸಲ್ಲದು. ಆಕಾಶಮಲ್ಲಿಗೆಯ ಕಂಪು ಹಿತವಾದರೂ ಅದರ ಕೊಂಬೆ ಪೆಡಸು, ಗಾಳಿಗೆ ಮುರಿಯುವಂಥದು. ಮಕ್ಕಳು ಆಡುವ ಬಯಲಿನಿಂದ ಅದು ದೂರವಿರಲಿ. ದೊಡ್ಡ ಮರಗಳ ನಡುವೆ 30 ಅಡಿ ಅಂತರ ಬೇಕು. ವಿದ್ಯುತ್ ತಂತಿಯ ಕೆಳಗೆ ಅವನ್ನು ನೆಟ್ಟರೆ ವರ್ಷವರ್ಷವೂ ಅವುಗಳ ತಲೆ ಕಡಿಯುವುದೇ ಕೆಲಸವಾಗುತ್ತದೆ. ಅಲ್ಲಿಗೆ ಪಾರಿಜಾತ, ನಂದಿಬಟ್ಟಲು, ದಾಸವಾಳಗಳೇ ಯೋಗ್ಯ. ಕಣಗಿಲೆಯ ಎಲೆ, ಹೂವು, ಕಾಂಡಗಳೆಲ್ಲವೂ ವಿಷಯುಕ್ತವಾದುದರಿಂದ ಚಿಕ್ಕ ಮಕ್ಕಳ ತರಗತಿಗಳ ಬಳಿ ಅದನ್ನು ಬೆಳೆಸಬಾರದು.

ಮೂರನೆಯದು ಮಣ್ಣು ಮತ್ತು ಮಳೆ. ಬಯಲುಸೀಮೆಯ ಒಣನೆಲಕ್ಕೆ ಕಕ್ಕೆ, ಹೊಂಗೆ, ಮುತ್ತುಗಗಳು ಒಗ್ಗುತ್ತವೆ. ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಬಿರಿಯುವ ಎರೆಮಣ್ಣಿನಲ್ಲಿ ಸಂಪಿಗೆಯನ್ನು ನೆಡುವವರು ನೀರು ಬಸಿದುಹೋಗುವ ಏರ್ಪಾಡನ್ನು ಮೊದಲು ಮಾಡಬೇಕು. ನಿಂತ ನೀರನ್ನು ಅದು ಸಹಿಸದು. ಹೊಳೆದಾಸವಾಳಕ್ಕೆ ಹೆಸರೇ ಹೇಳುವಂತೆ ತೇವ ಇಷ್ಟ. ನಾಗಸಂಪಿಗೆ ಮಲೆನಾಡಿನ ಮರ. ಪರದೇಶದ ಗಿಡಗಳೆಲ್ಲವೂ ಹೇಯವಲ್ಲ. ಆದರೆ 19ನೆಯ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು ಭಾರತಕ್ಕೆ ತಂದ ಲಂಟಾನ ಇಂದು ಕಾಡುಗಳನ್ನು ಆಕ್ರಮಿಸಿರುವುದು ಎಚ್ಚರಿಕೆಯ ಪಾಠವಾಗಿದೆ.

ನಾಲ್ಕನೆಯದು ಹೂಬಿಡುವ ಕಾಲ. 1908ರಲ್ಲಿ ಬೆಂಗಳೂರಿನ ಲಾಲ್‌ಬಾಗಿಗೆ ಬಂದು 1932ರವರೆಗೆ ಮೈಸೂರು ಸಂಸ್ಥಾನದ ತೋಟಗಳನ್ನು ನೋಡಿಕೊಂಡ ಜರ್ಮನಿಯ ಜಿ. ಹೆಚ್. ಕ್ರುಂಬಿಗಲ್ ಅವರ ಹೆಸರು, ಒಂದು ಮರದ ಹೂವು ಉದುರುವಷ್ಟರಲ್ಲಿ ಇನ್ನೊಂದು ಅರಳುವಂತೆ ಬೀದಿಗಳಲ್ಲಿ ಮರಗಳನ್ನು ಜೋಡಿಸುವ ಕ್ರಮದೊಂದಿಗೆ ಸೇರಿಕೊಂಡಿದೆ. ವಿದ್ಯಾಲಯಗಳು ಈ ಕ್ರಮವನ್ನು ವಿಶೇಷವಾಗಿ ಗಮನಿಸಬೇಕು. ಕಕ್ಕೆ, ಗುಲ್‌ಮೊಹರ್, ಹೊಳೆದಾಸವಾಳಗಳು ಮೈದುಂಬುವುದು ಏಪ್ರಿಲ್, ಮೇ ತಿಂಗಳುಗಳಲ್ಲಿ. ಅಷ್ಟರಲ್ಲಿ ಶಾಲೆಗೆ ಬೇಸಗೆಯ ರಜೆ. ಇವನ್ನಷ್ಟೇ ನೆಟ್ಟ ಆವರಣದಲ್ಲಿ ಹೂವನ್ನು ಕಾಣುವವನು ಕಾವಲುಗಾರನೊಬ್ಬನೇ. ಇವುಗಳ ಜೊತೆಗೆ ಮಳೆಗಾಲದ ಕೊನೆಗೆ ಅರಳುವ ಪಾರಿಜಾತ, ಅದರ ಬೆನ್ನಿಗೆ ನೇರಳೆ ಮಂದಾರ, ಚಳಿಗಾಲಕ್ಕೆ ಗುಲಾಬಿ ಬಣ್ಣದ ಟಬೂಬಿಯ, ಶಿವರಾತ್ರಿಯ ಹೊತ್ತಿಗೆ ಮುತ್ತುಗ, ಹೀಗೆ ಹೊಂದಿಸಿದರೆ ಪಾಠಪ್ರವಚನಗಳು ನಡೆಯುವ ಕಾಲದಲ್ಲಿಯೂ ಆವರಣ ಹೂವಿನಿಂದ ತುಂಬಿರುತ್ತದೆ.

ಇನ್ನು ಪೋಷಣೆ. ಬೇಸಗೆಯಲ್ಲಿಯೇ ಉದ್ದ, ಅಗಲ, ಆಳ ಮೂರೂ 3 ಅಡಿಯಾಗುವಂತೆ ಗುಂಡಿ ತೋಡಿ ಬಿಸಿಲು ತಿನ್ನಿಸಿ, ಮೇಲ್ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಬೆರೆಸಿ ತುಂಬಬೇಕು. ಮುಂಗಾರಿನ ಒಂದೆರಡು ಹದಮಳೆಯಾದ ಮೇಲೆ ಸಸಿಯನ್ನು ನೆಡಬೇಕು. ಪ್ಲಾಸ್ಟಿಕ್ ಚೀಲವನ್ನು ಪೂರ್ಣವಾಗಿ ತೆಗೆದು, ಸುರುಳಿ ಸುತ್ತಿದ ಬೇರುಗಳನ್ನು ಕತ್ತರಿಸುವುದು ಅವಶ್ಯ. ಇಲ್ಲವಾದರೆ ಅವೇ ಮುಂದೆ ಮರದ ಬುಡಕ್ಕೆ ಉರುಳಾಗುತ್ತವೆ. ಬೇಸಗೆಯಲ್ಲಿ ದಿನವೂ ಚೊಂಬು ನೀರನ್ನು ಚಿಮುಕಿಸುವುದಕ್ಕಿಂತ ವಾರಕ್ಕೆ ಒಂದೆರಡು ಬಾರಿ ಕೊಡದ ತುಂಬ ನಿಧಾನವಾಗಿ ಹನಿಸುವುದು ಮೇಲು. ನೀರು ಆಳಕ್ಕಿಳಿದರೆ ಬೇರೂ ಅದನ್ನರಸಿ ಆಳಕ್ಕಿಳಿಯುತ್ತದೆ. ಬುಡದ ಸುತ್ತ ತರಗೆಲೆಯನ್ನು ಹೊದಿಸಬೇಕು, ಕಾಂಡಕ್ಕೆ ತಗುಲಿಸಬಾರದು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆಯಂತೆ, ಕೆಳಗೊಂಬೆಗಳನ್ನು ತೆಗೆದು ನೇರವಾದ ಕಾಂಡವನ್ನು ರೂಪಿಸುವ ಕೆಲಸ ಎಳೆತನದಲ್ಲಿಯೇ ಆಗಬೇಕು. ಬೆಳೆದ ಮರದ ಬುಡದವರೆಗೆ ಸಿಮೆಂಟು ಹಾಕುವುದು, ಕಾಂಡಕ್ಕೆ ಮೊಳೆ ಹೊಡೆದು ಫಲಕ ತೂಗುಹಾಕುವುದು, ಇವೆರಡೂ ಮರಕ್ಕೆ ಮಾಡುವ ಅಪಚಾರ.

ಸಮಾರಂಭದ ದಿನ ಗಣ್ಯರ ಹಸ್ತದಿಂದ ಸಸಿ ನೆಡಿಸುವ ಸಂಪ್ರದಾಯ ಒಳ್ಳೆಯದೇ. ಆದರೆ ಭಾವಚಿತ್ರ ತೆಗೆದ ಮರುದಿನವೇ ಮರೆತ ಸಸಿ ಮುಂದಿನ ಯುಗಾದಿಯನ್ನು ಕಾಣದು. ಸಸಿಯ ಬೆಲೆ ಅಲ್ಪ. ಮೂರು ಬೇಸಗೆಗಳ ನೀರು, ಬೇಲಿ, ಕಾವಲುಗಳ ಬೆಲೆಯೇ ಹೆಚ್ಚಿನದು. ಆದುದರಿಂದ ಮರವೊಂದನ್ನು ದಾನವೀಯಬಯಸುವ ಹಳೆಯ ವಿದ್ಯಾರ್ಥಿಗಳೂ ಮಹನೀಯರೂ ಸಸಿಯೊಡನೆ ಆ ಮೂರು ವರ್ಷಗಳ ಆರೈಕೆಯನ್ನೂ ವಹಿಸಿಕೊಂಡರೆ ಆ ದಾನ ಪೂರ್ಣವಾದೀತು. ಅಧ್ಯಾಪಕರು ಪ್ರತಿ ಸಸಿಯನ್ನೂ ಒಂದೊಂದು ತರಗತಿಗೆ ಒಪ್ಪಿಸಿ ಅದರ ಬೆಳವಣಿಗೆಯನ್ನು ಬರೆದಿಡಿಸಿದರೆ, ಅದೇ ಸಸ್ಯಶಾಸ್ತ್ರದ ಪಾಠವಾದೀತು. ನೆಟ್ಟವರ ಹೆಸರು ಫಲಕದಿಂದ ಅಳಿಸಿಹೋದ ಮೇಲೂ ಆ ನೆರಳಿನಲ್ಲಿ ಕುಳಿತು ಓದುವ ಮಕ್ಕಳಿರುತ್ತಾರೆ.