ಹಳೆಯ ತೆಪ್ಪ ಕೊಳ್ಳುವ ಮುನ್ನ

ಪ್ರಶ್ನೆ: ಕೊಪ್ಪದ ಬಳಿ ಕಾವೇರಿಯಲ್ಲಿ ಮೀನು ಹಿಡಿಯಲು ಹಳೆಯ ಬಿದಿರಿನ ತೆಪ್ಪವೊಂದು ಕಡಿಮೆ ಬೆಲೆಗೆ ಸಿಗುತ್ತಿದೆ. ಕೊಳ್ಳಬಹುದೇ?

ಉತ್ತರ: ಕೊಳ್ಳಬಹುದು, ಆದರೆ ಬೆಲೆ ಮಾತಾಡುವ ಮೊದಲು ತೆಪ್ಪವನ್ನು ಬೋರಲು ಹಾಕಿಸಿ ನೋಡಿ. ಹೊಸದಾಗಿ ಬಳಿದ ಡಾಂಬರಿನ ಹೊಳಪಿಗೆ ಮರುಳಾಗಬೇಡಿ. ಬಿರುಕು, ತೇಪೆ ಮುಚ್ಚಲೆಂದೇ ಕೆಲವರು ಮಾರುವ ಮುನ್ನ ಡಾಂಬರು ಬಳಿಯುತ್ತಾರೆ. ಬೋರಲಾದ ತೆಪ್ಪದ ಒಳಗೆ ತಲೆ ಹಾಕಿ ಬಿಸಿಲಿನ ಕಡೆ ನೋಡಿ. ಸೂಜಿಮೊನೆಯಷ್ಟು ಬೆಳಕು ಕಂಡರೂ ಅಲ್ಲಿ ತೂತಿದೆ ಎಂದೇ ಅರ್ಥ.

ತೆಪ್ಪದ ಜೀವವಿರುವುದು ಹೊದಿಕೆಯಲ್ಲಲ್ಲ, ಬಿದಿರಿನಲ್ಲಿ. ಹೊದಿಕೆ ಬದಲಿಸಬಹುದು, ಹುಳು ತಿಂದ ಹೆಣಿಗೆಯನ್ನು ಉಳಿಸುವುದು ಕಷ್ಟ. ಬಿದಿರಿನ ಸೀಳುಗಳನ್ನು ಬೆರಳಿನಿಂದ ತಟ್ಟಿ. ಹಿಟ್ಟಿನಂಥ ಪುಡಿ ಉದುರಿದರೆ ಹುಳು ಹಿಡಿದಿದೆ. ಹೆಬ್ಬೆರಳು ಒತ್ತಿದಲ್ಲಿ ಮೆತ್ತಗಾದರೆ ಕೊಳೆತಿದೆ. ನೀರು ನಿಲ್ಲುವ ತಳದ ನಡುಭಾಗ ಮತ್ತು ಹುಟ್ಟು ಉಜ್ಜುವ ಅಂಚಿನ ಕಟ್ಟು, ಈ ಎರಡನ್ನು ವಿಶೇಷವಾಗಿ ಪರೀಕ್ಷಿಸಿ.

ಕೊನೆಗೆ ದಡದ ಪಕ್ಕದ ನಿಂತ ನೀರಿಗೆ ಇಳಿಸಿ, ತೆಪ್ಪ ಹೊರಬೇಕಾದಷ್ಟೇ ಭಾರದ ಮರಳುಚೀಲ ಇಟ್ಟು ಒಂದು ಗಂಟೆ ಬಿಡಿ. ತಳ ಒಣಗಿಯೇ ಇದ್ದು, ತೆಪ್ಪ ಒಂದು ಕಡೆ ವಾಲದಿದ್ದರೆ ಧೈರ್ಯವಾಗಿ ಕೊಳ್ಳಿ. ಮಾರುವವರು ನೀರಿಗಿಳಿಸಲು ಒಪ್ಪದಿದ್ದರೆ ಕೈಬಿಡಿ.

ಎಷ್ಟೇ ಗಟ್ಟಿ ತೆಪ್ಪವಾದರೂ ಮಳೆಗಾಲದ ಕೆಂಪುನೀರಿಗೆ ಇಳಿಸಬೇಡಿ. ಬೆಲೆಯಲ್ಲಿ ಉಳಿದ ಹಣದಿಂದ ಮೊದಲು ಒಂದು ಲೈಫ್ ಜಾಕೆಟ್ ಕೊಳ್ಳಿ. ಮನೆಯಲ್ಲಿ ನಿಮಗಾಗಿ ಕಾಯುವವರಿದ್ದಾರೆ.